ಗಿರಣಿ ಸಾವಂತ್ರವ್ವ ಮತ್ತು ಡಾಕ್ಟರ್ ಒಸಾಬೆ

ಮರಾಠಿ ಸೀಮೆಯ ನಿಗಡಿಯಲ್ಲಿದ್ದ ತಮ್ಮ ಹಿಟ್ಟಿನ ಗಿರಣಿಗೆ ಫೋನು ಬಂದರೆ ಸಾವಂತ್ರವ್ವ ಎತ್ತುತ್ತಿರಲಿಲ್ಲ. ಎತ್ತಿದರೆ ಸಾಕು, ಆ ಕಡೆಯವರು “ಕಾಕಾ, ಗಿರಣಿ ಚಾಲೂ ಆಹೇ ಕಾ?” ಎಂದು ಕೇಳುತ್ತಿದ್ದರು. ತಾನು ಗಂಡಸು ಕಾಕಾ ಅಲ್ಲ, ಹೆಂಗಸು, ಕಾಕೂ ಎಂದು ಎಷ್ಟು ಮಂದಿಗೆ ಬಿಡಿಸಿ ಹೇಳುವುದು? ಮೊದಮೊದಲು ಹೇಳಿದಳು. ಆಮೇಲೆ ಬೇಸತ್ತು, ಫೋನು ರಿಂಗಾದ ಕೂಡಲೇ ಕೈಗಂಟಿದ ಹಿಟ್ಟು ಕೊಡವುತ್ತ ಗಂಡ ಶಿವಪುತ್ರಪ್ಪನಿಗೆ ಸನ್ನೆ ಮಾಡತೊಡಗಿದಳು.

ಗಂಡಸಿನದರಂತೆ ಕೇಳುವ ಆ ದನಿ ಅವಳು ಹುಟ್ಟುತ್ತ ತಂದದ್ದಲ್ಲ. ಜಮಖಂಡಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೊರಳು ಜೇನು ಎಂದು ಕನ್ನಡ ಸಂಘದ ಮಂದಿಯೆಲ್ಲ ಹೇಳುತ್ತಿದ್ದರು. ಶಿವಪುತ್ರಪ್ಪ ಆಗ ಚಿಂಚವಾಡದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲರ್ಕ್. ಗಿರಣಿ ಹಾಕಿದ್ದು ಆಮೇಲೆ. ಸೋಮವಾರ ಸಂಜೆ ಸಂಘದ ಪ್ರಾರ್ಥನೆಯಲ್ಲಿ ಸಾವಂತ್ರವ್ವ ವಚನ ಎತ್ತಿಕೊಂಡರೆ, ಹಿಂದಿನ ಸಾಲಿನಲ್ಲಿ ಕುಳಿತು ಮಾತಾಡುವ ಗಂಡಸರೂ ಬಾಯಿ ಮುಚ್ಚುತ್ತಿದ್ದರು. ಮನೆಯಲ್ಲಿ, ಗಿರಣಿಯಲ್ಲಿ ಅವಳಾಡುತ್ತಿದ್ದದ್ದು ಅಪ್ಪಟ ಜಮಖಂಡಿ ಮಾತು. ವಚನಕ್ಕೆ ಕುಳಿತಳೆಂದರೆ ಮಾತ್ರ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಸ್ಪಷ್ಟವಾಗಿ ಬರುತ್ತಿತ್ತು.

ಹೀಗಿರುವಾಗ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬಂತು. ದನಿಯ ನರಕ್ಕೇ ಅಂಟಿಕೊಂಡಿದೆ, ತೆಗೆದರೆ ಕೊರಳು ಮೊದಲಿನಂತೆ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಉಳಿಯಲೂ ಇಲ್ಲ. ಆಪರೇಶನ್ ಆಗಿ ಮನೆಗೆ ಬಂದವಳ ಬಾಯಿಂದ ಹೊರಟದ್ದು ಕಲ್ಲಿಗೆ ಕಲ್ಲು ಉಜ್ಜಿದಂಥ, ದಪ್ಪನೆಯ, ಒಡಕು ದನಿ. “ಜೀವ ಉಳೀತಲ್ಲ, ಅಷ್ಟ ಸಾಕು” ಎಂದ ಶಿವಪುತ್ರಪ್ಪ. ಅವಳೂ ಹಾಗೇ ಅಂದುಕೊಂಡಳು. ಚೇತರಿಸಿಕೊಂಡು ಸಂಘಕ್ಕೆ ಹೋದ ದಿನ, ಅವಳು ಕೂಡುತ್ತಿದ್ದ ಜಾಗದಲ್ಲಿ ಹಾರ್ಮೋನಿಯಂ ಮುಂದೆ ಪಂಕಜಾಕ್ಷಿ ಎಂಬಾಕೆ ಕುಳಿತಿದ್ದಳು. ಸಂಘ ನಡೆಸುತ್ತಿದ್ದ ಬಸವಪ್ರಭು ಎದ್ದು ಬಂದು, “ಬರ್ರಿ ಅಕ್ಕಾರ, ಇನ್ನ ಮ್ಯಾಲ ಪ್ರಸಾದದ ವ್ಯವಸ್ಥಾ ನೀವ ನೋಡ್ಕೋರಿ” ಎಂದರು. ಅವಳು ಹೂಂ ಎಂದು ಸೌಟು ಹಿಡಿದಳು. ಅದಾದ ಮೇಲೆ ಮನೆಯಲ್ಲಿ ಆ ವಿಷಯ ಒಂದು ದಿನವೂ ಎತ್ತಲಿಲ್ಲ.

ಅವಳ ಬದುಕಿಗೆ ಜಪಾನಿನ ಹುಚ್ಚು ವಿಜ್ಞಾನಿಯೊಬ್ಬ ಬಂದು ಸೇರಿದ್ದು ಹಸಿ ಜೋಳದ ದೆಸೆಯಿಂದ.

ಯಾರೋ ಗಿರಾಕಿ ಸರಿಯಾಗಿ ಒಣಗಿಸದ ಜೋಳ ತಂದಿದ್ದ. ಕೆಲಸದ ದೇವಾನಂದ ನೋಡದೆ ಸುರಿದುಬಿಟ್ಟಿದ್ದ. ಹಿಟ್ಟು ಮೆತ್ತಿಕೊಂಡು ಗಿರಣಿಯ ಕಲ್ಲು ನಿಂತುಹೋಯಿತು. ಮೋಟಾರಿನ ಸದ್ದು ಅಡಗಿದ್ದೇ ತಡ, ಒಳಗಿನಿಂದ ಸಾವಂತ್ರವ್ವನ ದನಿ ಎದ್ದಿತು. “ಯಾವನಲೇ ಹಸೇ ಜ್ವಾಳಾ ಹಾಕಿದಂವಾ? ಕಲ್ಲು ಕಟಕೊಂಡ ಕುಂತತಿ ನೋಡು! ನಿಲ್ಲು, ಇವತ್ತ ನಿನ್ನ ಹಾಕೇ ಬೀಸ್ತೀನಿ. ನುಣ್ಣಗ ಬೀಸ್ತೀನಿ!”

ದೇವಾನಂದ ಈ ಬೈಗುಳಕ್ಕೆ ಒಗ್ಗಿದವನು, ನಗುತ್ತಲೇ ಕಲ್ಲು ಬಿಚ್ಚಲು ಹೋದ. ಆದರೆ ಬಾಗಿಲಲ್ಲಿ ರಾಗಿಯ ಚೀಲ ಹಿಡಿದು ನಿಂತಿದ್ದ ಕನ್ನಡಕದ ತರುಣನೊಬ್ಬ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದ.

“ಅಮ್ಮಾ, ಇನ್ನೊಂದ್ಸಲ ಹೇಳ್ತೀರಾ?” ಎಂದ.

“ಏನ ಹೇಳ್ಲೆಪಾ?”

“ಈಗ ಬೈದ್ರಲ್ಲ, ಅದೇ. ನುಣ್ಣಗೆ ಬೀಸ್ತೀನಿ ಅಂತ.”

ತನ್ನ ದನಿಯನ್ನು ಅಣಕಿಸುತ್ತಿದ್ದಾನೆಂದು ಸಾವಂತ್ರವ್ವನ ಮುಖ ಕೆಂಪಾಯಿತು. “ಇಲ್ಲೆ ರಾಗಿ ಬೀಸಂಗಿಲ್ಲ. ಮುಂದ ಹೋಗು” ಎಂದು ಬೆನ್ನು ತಿರುಗಿಸಿದಳು. ಶಿವಪುತ್ರಪ್ಪ ನಡುವೆ ಬಂದು ಅವನನ್ನು ಕೂಡಿಸಿ, ಚಹಾ ತರಿಸಿ, ಏನು ಎತ್ತ ಎಂದು ವಿಚಾರಿಸಿದ.

ತರುಣನ ಹೆಸರು ಮಿಥುನ. ಮೈಸೂರಿನವನು. ಕೋಥ್ರುಡ್‌ನ ಒಂದು ಸಣ್ಣ ಸ್ಟುಡಿಯೋದಲ್ಲಿ ಹೊರಗಿನ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವುದು ಅವನ ಕೆಲಸ. ಈಗ ಕೈಯಲ್ಲಿದ್ದದ್ದು ಜಪಾನಿನ ಕಾರ್ಟೂನ್ ಧಾರಾವಾಹಿ, ತುಂಬ ಹೊಡೆದಾಟದ್ದು. ಅದರ ಖಳನಾಯಕ ಡಾಕ್ಟರ್ ಒಸಾಬೆ ಎಂಬ ಮುದಿ ವಿಜ್ಞಾನಿ. ಹಿಂದೊಮ್ಮೆ ಒಂದು ದೊಡ್ಡ ಗರಡಿಮನೆಯ ವೈದ್ಯನಾಗಿದ್ದವನು. ಅವನ ಔಷಧದಿಂದಲೇ ಆ ಗರಡಿ ಹೆಸರು ಮಾಡಿತು. ಹೆಸರು ಬಂದ ಮೇಲೆ ಗುರು ಅವನನ್ನು ಹೊರಗೆ ಹಾಕಿ, ಅವನ ಪೀಠದಲ್ಲಿ ಇನ್ನೊಬ್ಬನನ್ನು ಕೂರಿಸಿದ. ಅಂದಿನಿಂದ ಒಸಾಬೆಗೆ ಸೇಡೊಂದೇ ಉಸಿರು. ಗುಹೆಯಲ್ಲಿ ಕೂತು ಕಬ್ಬಿಣದ ಜಟ್ಟಿಗಳನ್ನು ಮಾಡುತ್ತಾನೆ, ಗರಡಿಯ ಪಟ್ಟುಗಳನ್ನೆಲ್ಲ ಕದ್ದು ಅವುಗಳಿಗೆ ಕಲಿಸುತ್ತಾನೆ, ಕೊನೆಗೊಮ್ಮೆ ಗರಡಿಗೇ ಬೆಂಕಿ ಹಚ್ಚುತ್ತಾನೆ.

“ಎಷ್ಟೋ ಗಂಡಸರನ್ನ ಕರೆಸಿ ನೋಡ್ದೆ ಸರ್” ಎಂದ ಮಿಥುನ. “ಎಲ್ರೂ ಬರೀ ಗದರ್ತಾರೆ. ಆ ಮನುಷ್ಯ ಒಳಗೊಳಗೇ ಬೇಯ್ತಿದಾನೆ ಅನ್ಸೋದೇ ಇಲ್ಲ. ಅಮ್ಮನ ದನೀಲಿ ಅದಿದೆ.”

“ಗಂಡಸಿನ ಪಾತ್ರಕ್ಕ ಹೆಂಗಸೇನಪಾ?” ಎಂದಳು ಸಾವಂತ್ರವ್ವ, ತಿರುಗದೆ.

“ತೆರೆ ಮೇಲೆ ಮುಖ ಆ ಮುದುಕಂದೇ ಇರುತ್ತಲ್ಲಮ್ಮ. ನಮಗೆ ಬೇಕಾಗಿರೋದು ಕೊರಳು.”

ಕೊರಳು ಬೇಕು ಎಂಬ ಮಾತು ಅವಳ ಕಿವಿಗೆ ಬೀಳದೆ ಬಹಳ ಕಾಲವಾಗಿತ್ತು. ಆ ದಿನ ರಾಗಿಯನ್ನು ತಾನೇ ನಿಂತು ಬೀಸಿಕೊಟ್ಟಳು. ಸಂಜೆ ಮನೆಗೆ ಬಂದ ಮಗಳು ಸ್ನೇಹಲ್ ವಿಷಯ ಕೇಳಿ ಕುಣಿದಾಡಿದಳು. ಆಕೆ ಆಕುರ್ಡಿಯ ಶಾಲೆಯೊಂದರಲ್ಲಿ ಟೀಚರ್. “ಅವ್ವಾ, ನೀ ವಿಲನ್? ಏಕದಂ ಮಸ್ತ್! ನಮ್ಮ ಸಾಲಿಯೊಳಗ ಎಲ್ಲಾ ಪೋರಗೋಳು ಇಂಥಾ ಕಾರ್ಟೂನನ ನೋಡ್ತಾವ. ಹೋಗಲಿಕ್ಕೇ ಬೇಕು ನೀ.”

ಸಾವಂತ್ರವ್ವ ಲೋಕಲ್ ರೈಲು ಹತ್ತಿ ಶಿವಾಜಿನಗರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಕೋಥ್ರುಡ್‌ಗೆ ಹೋದಳು. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಮೆತ್ತೆ ಬಡಿದ ಒಂದು ಪುಟ್ಟ ಕೋಣೆ. ಮುಂದೆ ಪರದೆ, ಕಿವಿಗೆ ಹೆಡ್‌ಫೋನು. ಒಸಾಬೆಯನ್ನು ಮೊದಲ ಸಲ ಕಂಡಾಗ ಅವಳಿಗೆ ಮರುಕ ಹುಟ್ಟಿತು. ಹುಬ್ಬೆಲ್ಲ ಬೆಳ್ಳಗಾದ, ಗೂನು ಬೆನ್ನಿನ ಮುದುಕ. ಒಂದು ಕೈ ಕಬ್ಬಿಣದ್ದು. “ಊಟಾ ಮಾಡ್ತಾನೋ ಇಲ್ಲೋ ಇಂವ” ಎಂದಳು.

ಮಾತುಗಳು ಸುಲಭವಾಗಿ ಬಂದವು. ತುಟಿ ಅಲ್ಲಾಡುವುದಕ್ಕೆ ಸರಿಯಾಗಿ ಮಾತು ಕೂಡಿಸುವುದು ವಚನಕ್ಕೆ ತಾಳ ಹಿಡಿದಷ್ಟೇ ಸುಲಭ ಎಂದು ಅವಳಿಗನಿಸಿತು. ತೊಡಕಾದದ್ದು ನಗುವಿನಲ್ಲಿ. ಸಂಚು ಫಲಿಸಿದಾಗ ಒಸಾಬೆ ಗುಹೆ ನಡುಗುವಂತೆ ನಗಬೇಕು. ಸಾವಂತ್ರವ್ವ ನಕ್ಕರೆ ಕೈ ತಾನಾಗಿ ಸೆರಗಿಗೆ ಹೋಗಿ ಬಾಯಿ ಮುಚ್ಚುತ್ತಿತ್ತು. ಬೀಗರ ಮನೆಯಲ್ಲಿ ನಕ್ಕ ಹಾಗೆ ಕೇಳಿಸುತ್ತಿತ್ತು.

“ಯಾರ ಮೇಲಾದ್ರೂ ಸಿಟ್ಟಿದ್ರೆ ನೆನಪು ಮಾಡ್ಕೊಳ್ಳಿ ಅಮ್ಮಾ” ಎಂದ ಮಿಥುನ.

ಅವಳು ಯೋಚಿಸಿ ನೋಡಿದಳು. “ಯಾರ ಮ್ಯಾಲೂ ಇಲ್ಲಪಾ. ಗಂಡ ಛಲೋ ಅದಾನ, ಮಗಳು ಛಲೋ ಅದಾಳ. ಯಾರ ಮ್ಯಾಲ ಸಿಟ್ಟಾಗ್ಲಿ?”

“ಸರಿ, ನಗು ಆಮೇಲೆ ನೋಡೋಣ. ಮುಂದಿನ ಮಾತು ತಗೊಳ್ಳಿ.”

ಪರದೆಯ ಮೇಲೆ ಒಸಾಬೆ ಗರಡಿಯ ಹೆಬ್ಬಾಗಿಲಲ್ಲಿ, ಮಳೆಯಲ್ಲಿ ನಿಂತಿದ್ದ. ಒಳಗೆ ಅವನ ಪೀಠದಲ್ಲಿ ಇನ್ನೊಬ್ಬ ಕುಳಿತಿದ್ದ. ಸಾವಂತ್ರವ್ವ ಓದಿದಳು: “ನನ್ನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದಿರಿ. ಒಂದು ಮಾತು, ನನ್ನನ್ನು ಒಂದೇ ಒಂದು ಮಾತು ಕೇಳಿದಿರಾ?”

ಓದಲು ಶುರುಮಾಡಿದ್ದು ಒಸಾಬೆಗಾಗಿ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಕಣ್ಣ ಮುಂದೆ ಹಾರ್ಮೋನಿಯಂ ಇತ್ತು, ಕೈಗೆ ಬಂದ ಸೌಟು ಇತ್ತು. ಕೊನೆಯ ಮಾತು ಮುಗಿದರೂ ದನಿ ನಿಲ್ಲಲಿಲ್ಲ. ಒಡೆದ ಕೊರಳಿನಿಂದ ಗೊರಗೊರ ಎಂದು ಹೊರಬಿದ್ದು, ಏರುತ್ತ ಹೋಗಿ ನಗುವಾಯಿತು. ಕೈ ಸೆರಗನ್ನು ಹುಡುಕಲಿಲ್ಲ. ನಗು ನಿಂತಾಗ ಸಾವಂತ್ರವ್ವನ ಕೆನ್ನೆ ಒದ್ದೆಯಾಗಿತ್ತು. “ಸ್ವಲ್ಪ ನೀರು ಕೊಡಪಾ” ಎಂದಳು. ತನ್ನೊಳಗೆ ಇಷ್ಟು ಸಿಟ್ಟು ಕೂತಿತ್ತೆಂಬುದು ಅವಳಿಗೇ ಗೊತ್ತಿರಲಿಲ್ಲ.

ಲೋಕಲ್‌ನಲ್ಲಿ ಮರಳುವಾಗ ಅವಳಿಗೆ ಒಂದು ಮಾತು ಸ್ಪಷ್ಟವಾಯಿತು. ಒಸಾಬೆಯ ಹಾಗೆ ಗುಹೆ ಸೇರಿ ಕೂರುವುದು ತನ್ನಿಂದಾಗದು. ಆಕುರ್ಡಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಬಸವಪ್ರಭು ಅವರ ಮನೆಗೆ ನಡೆದಳು. ಅವರು ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು.

“ನಿಮ್ಮ ಕೂಡ ಒಂದ ಮಾತಾಡೋದದ ರೀ” ಎಂದಳು. “ನನ್ನ ಕೊರಳು ಹೋದದ್ದು ನಂಗೂ ಗೊತ್ತಿತ್ತು. ಪಂಕಜಾಕ್ಷಿ ಹಾಡೋದೂ ಛಲೋನ ಆತು. ಖರೇ, ಅಕಿನ್ನ ಕುಂಡ್ರಿಸೂ ಮುಂದ ನನ್ನ ಕೇಳಬೇಕಾಗಿತ್ತಿಲ್ರಿ? ನಾನ ಅಕಿನ್ನ ಕೈ ಹಿಡದು ಕುಂಡ್ರಿಸ್ತಿದ್ದೆ.”

ಬಸವಪ್ರಭು ತಂಬಿಗೆ ಕೆಳಗಿಟ್ಟರು. “ಕೇಳಿದ್ರ ನಿಮಗ ನೋವಾಗ್ತದ ಅಂತ ಅಂದಕೊಂಡ್ವಿ, ಅಕ್ಕಾರ” ಎಂದರು. “ಕೇಳದಿದ್ದದ್ದಕ್ಕ ನೋವಾಗ್ತದಂತ ಹೊಳೀಲೇ ಇಲ್ಲ. ತಪ್ಪಾತ್ರಿ.”

“ಆತು, ಬಿಡ್ರಿ. ಹೇಳಬೇಕಾಗಿತ್ತು, ಹೇಳಿದೆ” ಎಂದಳು. ಅವರ ಹೆಂಡತಿ ಕೊಟ್ಟ ಅವಲಕ್ಕಿ ತಿಂದು, ಚಹಾ ಕುಡಿದು ಮನೆಗೆ ಬಂದಳು. ಬಂದವಳೇ ಗಂಡನಿಗೆ ಎಲ್ಲ ಹೇಳಿದಳು. ಶಿವಪುತ್ರಪ್ಪ, “ಇಷ್ಟ ದಿವಸ ನಂಗೂ ಹೇಳಿಲ್ಲಲ್ಲ ನೀ” ಎಂದು ಗೊಣಗಿದ. “ನಂಗ ಗೊತ್ತಿದ್ರ ನಿಮಗ ಹೇಳ್ತಿದ್ದೆ” ಎಂದಳು ಅವಳು. ಆ ರಾತ್ರಿ ಗಾಢವಾಗಿ ನಿದ್ದೆ ಬಂತು.

ಸಿಟ್ಟು ಹೋದರೆ ನಗುವೂ ಹೋಗಬಹುದೆಂದು, ನಡೆದದ್ದನ್ನು ಅವಳಿಂದ ಕೇಳಿದ ಮಿಥುನನಿಗೆ ದಿಗಿಲಿತ್ತು. ಹೋಗಲಿಲ್ಲ. ದಾರಿ ಒಮ್ಮೆ ತೆರೆದದ್ದು ತೆರೆದೇ ಇತ್ತು, ಅವಳು ಬೇಕೆಂದಾಗ ನಕ್ಕಳು. ನಕ್ಕು ಮುಗಿಸಿ “ಸಾಕೇನಪಾ?” ಎಂದು ಕೇಳಿ ಡಬ್ಬಿ ತೆರೆದು ಅವನಿಗೂ ರೊಟ್ಟಿ ಕೊಟ್ಟಳು.

ನಡುವೆ ಒಮ್ಮೆ ಜಟಾಪಟಿಯೂ ಆಯಿತು. ಒಸಾಬೆಯ ಮಾತನ್ನೆಲ್ಲ ಅವಳ ಊರಿನ ಕನ್ನಡಕ್ಕೆ ತಿರುಗಿಸಿದರೆ ಖದರು ಬರುತ್ತದೆ ಎಂದ ಮಿಥುನ. ಸಾವಂತ್ರವ್ವ ಹೆಡ್‌ಫೋನು ತೆಗೆದಿಟ್ಟಳು. “ಗರಡಿಯೊಳಗಿನ ಒಳ್ಳೇ ಮಂದಿ ಎಲ್ಲಾ ನಿಮ್ಮಂಗ ಮಾತಾಡ್ತಾರ. ಕೆಟ್ಟಂವ ಒಬ್ಬನ ನಮ್ಮಂಗ ಮಾತಾಡಬೇಕೇನು? ಆ ಮಾತ ಬ್ಯಾಡ.”

ಮಿಥುನ ನಾಲಿಗೆ ಕಚ್ಚಿಕೊಂಡ. “ಹಾಗೆ ಯೋಚನೆ ಮಾಡಿರ್ಲಿಲ್ಲ ಅಮ್ಮಾ. ನಿಮಗೆ ಹೇಗೆ ಸರಿ ಅನ್ಸುತ್ತೆ ಹೇಳಿ.”

ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಒಸಾಬೆ ಲೋಕದ ಮುಂದೆ ಎಲ್ಲರಂತೆಯೇ ಮಾತಾಡಲಿ. ಆದರೆ ಗುಹೆಯಲ್ಲಿ ತಾನು ಮಾಡಿದ ಪುಟ್ಟ ಕಬ್ಬಿಣದ ಹುಡುಗನ ಹತ್ತಿರ ಒಬ್ಬನೇ ಇರುವಾಗ, ಅವನ ಕೀಲುಗಳಿಗೆ ಎಣ್ಣೆ ಬಿಡುತ್ತ ಮಾತಾಡುವಾಗ ಮಾತ್ರ ಜಮಖಂಡಿಯ ಮಾತು ಬರಲಿ. “ಏಳೋ ನನ್ನಪ್ಪಾ, ನನ್ನ ಬಂಗಾರಾ. ಮೊಣಕಾಲು ನೋಯಾಕತ್ತಾವೇನು? ತಡಿ, ಎಣ್ಣಿ ಹಚ್ಚತೀನಿ.” ಇದನ್ನು ಒರಟು ಕೊರಳಲ್ಲಿ ಮೆತ್ತಗೆ ಹೇಳಿದಾಗ, ರೆಕಾರ್ಡಿಂಗ್ ಯಂತ್ರದ ಮುಂದೆ ಕುಳಿತಿದ್ದ ಸ್ಟುಡಿಯೋದ ಮರಾಠಿ ಹುಡುಗಿ ಭಾಷೆ ತಿಳಿಯದಿದ್ದರೂ ಕಣ್ಣೊರೆಸಿಕೊಂಡಳು.

ಧಾರಾವಾಹಿ ಮೊಬೈಲಿನಲ್ಲಿ ಬರತೊಡಗಿತು. ಗರಡಿಯ ಶೂರರಿಗಿಂತ ಈ ದುಷ್ಟ ಮುದುಕನೇ ಮಕ್ಕಳಿಗೆ ಹೆಚ್ಚು ಹಿಡಿಸಿದ. ಮಿಥುನ ಇನ್ನೂ ಕೆಲಸ ಕೊಟ್ಟ. ಒಂದರಲ್ಲಿ ಆಮೆ, ಒಂದರಲ್ಲಿ ಬಂದರಿನ ದರೋಡೆಕೋರ, ಇನ್ನೊಂದರಲ್ಲಿ ಹಳೆಯ ಆಲದ ಮರ. ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಸ್ಟುಡಿಯೋ ಎಂದು ದಿನಗಳು ತುಂಬಿಕೊಂಡವು. “ನಮ್ಮ ಮನ್ಯಾಗ ಇವತ್ತ ಯಾರ ಅದಾರ, ಆಮಿನೋ ದರೋಡೆಕೋರನೋ ಅಂತ ಬೆಳಿಗ್ಗೆದ್ದು ಕೇಳೇ ತಿಳ್ಕೋಬೇಕಾಗೇದ” ಎಂದು ಶಿವಪುತ್ರಪ್ಪ ಗಿರಾಕಿಗಳ ಮುಂದೆ ಹೆಮ್ಮೆ ಪಡುತ್ತಿದ್ದ.

ಮೊನ್ನೆ ಸಾವಂತ್ರವ್ವನ ತಮ್ಮನ ಮನೆಯ ತೊಟ್ಟಿಲ ಕಾರ್ಯಕ್ಕೆ ಜಮಖಂಡಿಗೆ ಹೊರಟು ಗಂಡಹೆಂಡಿರು ಸ್ವಾರಗೇಟಿನಲ್ಲಿ ಬಸ್ಸು ಕಾಯುತ್ತಿದ್ದರು. ಪಕ್ಕದಲ್ಲಿ ಯಾದಗಿರಿ ಕಡೆಯ ತಿಪ್ಪವ್ವ ಎಂಬಾಕೆ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದಳು. ಪಿಂಪ್ರಿಯಲ್ಲಿ ಕಟ್ಟಡದ ಕೆಲಸ ಮುಗಿಸಿ ಊರಿಗೆ ಹೊರಟವಳು. ಅವಳ ಮಗಳು ಮಾಯಾ ಮೂಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು.

“ಜಮಖಂಡಿ ಗಾಡಿ ಹೋತೇನವಾ?” ಎಂದು ಸಾವಂತ್ರವ್ವ ತಿಪ್ಪವ್ವನನ್ನು ಕೇಳಿದಳಷ್ಟೇ. ಮಾಯಾ ಬೆಚ್ಚಿ ತಾಯಿಯ ಬೆನ್ನಿಗೆ ಅಡಗಿದಳು. ಅಲ್ಲಿಂದಲೇ ಒಂದು ಕಣ್ಣು ತೋರಿಸಿ, “ಯವ್ವಾ, ಡಾಕ್ಟರ್!” ಎಂದಳು.

ತಿಪ್ಪವ್ವನಿಗೆ ತಿಳಿಯಲಿಲ್ಲ. “ಡಾಕ್ಟರಮ್ಮಾರೇನ್ರಿ ನೀವು?” ಎಂದು ಎದ್ದು ನಿಂತು ಜಾಗ ಬಿಟ್ಟಳು. ಶಿವಪುತ್ರಪ್ಪ ನಗುತ್ತ ವಿಷಯ ವಿವರಿಸಿದ. ಆಗ ಮಾಯಾ ಧೈರ್ಯ ಮಾಡಿ ಹತ್ತಿರ ಬಂದು ಸಾವಂತ್ರವ್ವನ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ನೋಡಿದಳು. ಯಾವುದೂ ಕಬ್ಬಿಣದ್ದಲ್ಲ.

“ಗರಡಿ ಯಾಕ ಸುಟ್ಟಿ ನೀ?” ಎಂದು ಕಟುವಾಗಿ ಕೇಳಿದಳು.

“ತೆಲಿ ಕೆಟ್ಟಿತ್ತವಾ” ಎಂದಳು ಸಾವಂತ್ರವ್ವ.

“ಅದರಾಗ ಒಂದ ಬೆಕ್ಕಿತ್ತು.”

“ಬೆಕ್ಕು ಪಾರಾತು. ಕಿಟಕ್ಯಾಗಿಂದ ಜಿಗಿದು ಹೋತು, ನಾ ನೋಡೀನಿ.”

ಹುಡುಗಿ ಅವಳ ಮುಖವನ್ನೇ ದಿಟ್ಟಿಸಿ, ನಂಬಬಹುದೆಂದು ತೀರ್ಮಾನಿಸಿ, ಪಕ್ಕದಲ್ಲಿ ಒತ್ತಿಕೊಂಡು ಕುಳಿತಳು. ಸಾವಂತ್ರವ್ವ ಬುತ್ತಿಯ ಗಂಟು ಬಿಚ್ಚಿ ಶೇಂಗಾ ಹೋಳಿಗೆ ತೆಗೆದು ಒಂದು ಅವಳಿಗೆ, ಒಂದು ತಿಪ್ಪವ್ವನಿಗೆ ಕೊಟ್ಟಳು. ಜಮಖಂಡಿಯ ಬಸ್ಸು ಬಂದು ನಿಂತದ್ದನ್ನು ಶಿವಪುತ್ರಪ್ಪ ಎರಡು ಸಲ ಕೂಗಿ ಹೇಳಬೇಕಾಯಿತು. ಅಷ್ಟರಲ್ಲಿ ಆ ಬೆಕ್ಕು ಈಗ ಎಲ್ಲಿದೆ, ಏನು ತಿನ್ನುತ್ತದೆ ಎಂಬ ಮಾತು ಶುರುವಾಗಿತ್ತು.