ಹುಲಿಮೊಟ್ಟೆ ಎಸ್ಟೇಟಿನ ಮುನ್ನೂರು ಶೇರಿನ ಮಾಲೀಕರು

ನನ್ನ ಅಕ್ಷರ ಕಾಗೆ ಕಾಲಿನ ಹಾಗಿದೆ, ಓದುವವರು ಕ್ಷಮಿಸಬೇಕು. ಎಂಟನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಒಳ್ಳೆಯ ಮಾತು ಹೊಳೆಯದ ಕಡೆ ಗೊತ್ತಿದ್ದ ಮಾತನ್ನೇ ಹಾಕಿದ್ದೇನೆ. ಇದು ನಮ್ಮ ಪಕ್ಕದ ಕ್ವಾರ್ಟರ್ಸಿನ ರೈಟರ್ ದೇರಪ್ಪನವರ ವಿಷಯ. ಅವರನ್ನು ಕೇಳಿಯೇ ಬರೆದಿದ್ದೇನೆ. ಅಂಕಿಗಳನ್ನು ಎರಡು ಸಲ ತಾಳೆ ನೋಡಿದ್ದೇನೆ.

ಚೆಟ್ಟಳ್ಳಿಯ ಹತ್ತಿರದ ಹುಲಿಮೊಟ್ಟೆ ಕಾಫಿ ಎಸ್ಟೇಟಿನಲ್ಲಿ ದೇರಪ್ಪನವರು ಇಪ್ಪತ್ತೆರಡು ವರ್ಷ ರೈಟರಾಗಿದ್ದರು. ಬೆಳಿಗ್ಗೆ ಹಾಜರಿ ಕೂಗುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣು ಅಳೆಸುವುದು, ಸಂಜೆ ದೊರೆಗೆ, ಅಂದರೆ ಮ್ಯಾನೇಜರಿಗೆ, ಲೆಕ್ಕ ಒಪ್ಪಿಸುವುದು ಅವರ ಕೆಲಸ. ಇದ್ದ ಮನೆ ಕಂಪನಿಯದು. ಕೆಲಸ ಹೋದ ದಿನ ಸೂರೂ ಹೋಗುತ್ತದೆ ಎಂಬುದನ್ನು ಅವರ ಹೆಂಡತಿ ಯಮುನ ಒಂದು ದಿನವೂ ಮರೆತವರಲ್ಲ. ಹುಟ್ಟೂರು ಗಾಳಿಬೀಡಿನಲ್ಲಿ ಬೆಳ್ಯಪ್ಪ ಎಂಬವರ ಹೆಂಚಿನ ಮನೆಯೊಂದು ಎರಡು ಎಕರೆ ಜಾಗದ ಸಮೇತ ಮಾರಾಟಕ್ಕಿತ್ತು. ಬೆಲೆ ನಾಲ್ಕು ಸಾವಿರ. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು ಮೂರು ಸಾವಿರ. "ಎರಡು ವರ್ಷ ಕಾಯ್ತೇನೆ, ಆಮೇಲೆ ಬೇರೆಯವರಿಗೆ ಕೊಡ್ತೇನೆ" ಎಂದು ಬೆಳ್ಯಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಉಳಿದ ಒಂದು ಸಾವಿರ ಸಂಬಳದಲ್ಲಿ ಹುಟ್ಟುವುದಲ್ಲ. ದೇರಪ್ಪನವರು ಯೋಚಿಸಿದರು. ಆ ವರ್ಷ ಮಾರ್ಚ್ ತಿಂಗಳಲ್ಲಿ ಹೂಮಳೆ ಹದವಾಗಿ ಬಿದ್ದು, ಒಂಬತ್ತನೆಯ ದಿನ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಇಂಥ ಹೂವನ್ನು ಕಣ್ಣಾರೆ ನೋಡಿದವನು ಹುಲಿಮೊಟ್ಟೆ ಕಂಪನಿಯ ಶೇರು ಕೊಳ್ಳದಿದ್ದರೆ ಅವನಂಥ ದಡ್ಡನಿಲ್ಲ ಎಂದು ಅವರಿಗೆ ಅನ್ನಿಸಿತು. ಬೆಂಗಳೂರಿನ ಒಬ್ಬ ದಲ್ಲಾಳಿಗೆ ಬರೆದು, ಹತ್ತು ರೂಪಾಯಿಯಂತೆ ಮುನ್ನೂರು ಶೇರು ತರಿಸಿಯೇ ಬಿಟ್ಟರು.

ಮಾರನೆಯ ತಿಂಗಳು ಶೇರಿನ ಬೆಲೆ ಒಂಬತ್ತಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಶೇರು ಕೊಳ್ಳುವವರು ಕಾಫಿ ಹೂವನ್ನೇ ನೋಡಿರಲಿಲ್ಲ.

ಆದರೂ ದೇರಪ್ಪನವರು ಧೃತಿಗೆಡಲಿಲ್ಲ. ಅವರು ಈಗ ಬರೀ ರೈಟರಲ್ಲ, ಮಾಲೀಕರು. ಗಿಡದ ಬುಡದಲ್ಲಿ ಹಣ್ಣು ಬಿದ್ದಿದ್ದರೆ "ಯಾರಪ್ಪನ ಮನೆ ಹಣ್ಣು ಅಂತ ಬಿಟ್ಟು ಹೋಗ್ತೀರಿ?" ಎಂದು ರೇಗುವರು. ಆಫೀಸಿನ ಕಾಗದದ ಎರಡೂ ಮಗ್ಗುಲಲ್ಲಿ ಬರೆಯುವರು. ಕಂಪನಿಯಲ್ಲಿ ಖರ್ಚು ಜಾಸ್ತಿಯಾಯಿತು ಎಂದು ಎಲ್ಲರೆದುರು ಹೇಳುವರು.

ಭಾನುವಾರ ಸುಂಟಿಕೊಪ್ಪದ ಸಂತೆಗೆ ಹೋದರೆ ಟೀ ಅಂಗಡಿಯಲ್ಲಿ ಜನ ಅವರನ್ನು ಸುತ್ತಿಕೊಳ್ಳುತ್ತಿದ್ದರು. ಎಸ್ಟೇಟಿನ ಜೀಪ್ ಡ್ರೈವರ್ ಮೊಣ್ಣಪ್ಪನೇ ಮೊದಲು ಶುರು ಮಾಡುವನು.

"ರೈಟ್ರೇ, ಶೇರು ಯಾವಾಗ ತಗೊಳ್ಳೋದು?"

"ಕಮ್ಮಿ ಇರುವಾಗ."

"ಕಮ್ಮಿ ಉಂಟು ಅಂತ ಹೇಗೆ ಗೊತ್ತಾಗೋದು?"

"ಜಾಸ್ತಿ ಆದ ಮೇಲೆ ಗೊತ್ತಾಗ್ತದೆ."

ಮೊಣ್ಣಪ್ಪ ತಲೆ ಕೆರೆದುಕೊಂಡ. "ಸರ್ಕಾರದವ್ರು ಯೂನಿಟ್ ಅಂತ ಹೊಸದು ತೆಗ್ದಿದಾರಂತಲ್ಲ. ಹತ್ತು ರೂಪಾಯಿ ಕೊಟ್ರೆ ಅವ್ರೇ ನೂರಾರು ಕಂಪನಿಗೆ ಚೂರು ಚೂರು ಹಂಚಿ ಹಾಕ್ತಾರಂತೆ. ಅದು ಹೇಗೆ?"

"ಒಳ್ಳೇದೇ. ಹೆದರುವವರಿಗೆ," ಎಂದರು ದೇರಪ್ಪನವರು.

ಕುಶಾಲನಗರದ ಕಡೆಯಿಂದ ಬಂದು ಕೂಲಿ ಲೈನಿನಲ್ಲಿದ್ದ ರಂಗಮ್ಮ ಸೆರಗಿನ ಗಂಟು ಹಿಡಿದುಕೊಂಡೇ ಕೇಳಿದಳು. "ರೈಟ್ರಯ್ಯ, ಚೀಟಿ ಎತ್ತಿದ್ದು ನೂರು ರೂಪಾಯ್ ಅದೆ. ಎಲ್ಲಾನೂ ಒಂದೇ ಕಡೀಕೆ ಹಾಕ್ಬೌದಾ?"

"ಛೆ ಛೆ, ಹಾಕಬಾರದು! ತೋಟದಲ್ಲಿ ಬರೀ ಕಾಫಿ ಉಂಟಾ? ಕಿತ್ತಳೆ ಇಲ್ವಾ, ಮೆಣಸಿನ ಬಳ್ಳಿ ಇಲ್ವಾ? ಕಾಫಿಗೆ ಬೋರರ್ ಹುಳ ಹಿಡಿದ್ರೆ ಮೆಣಸು ಕಾಪಾಡ್ತದೆ."

"ತಮ್ದು ಎಷ್ಟ್ ಕಡೆ ಅದೆ ಬುದ್ಧಿ?"

ದೇರಪ್ಪನವರು ಟೀ ಲೋಟದ ತಳ ನೋಡಿದರು. "ನಂದು ಒಂದೇ ಕಡೆ. ಆದ್ರೆ ನಾನು ದಿನಾ ಕಣ್ಣಲ್ಲಿ ನೋಡ್ತೇನಲ್ಲ."

"ಬೋರರ್ರೂ ನಾವ್ ದಿನಾ ನೋಡ್ತಿದ್ದಂಗೇ ಹಿಡಿಯಾದು," ಎಂದಳು ರಂಗಮ್ಮ. ಅವಳು ಹಣವನ್ನು ಪೋಸ್ಟಾಫೀಸಿಗೆ ಕಟ್ಟಿದಳು. ಮೊಣ್ಣಪ್ಪ ಐದು ಯೂನಿಟ್ ಕೊಂಡ.

ಹೀಗೆ ಒಂದೂವರೆ ವರ್ಷ ಕಳೆಯಿತು. ಶೇರು ಒಂಬತ್ತು ಹತ್ತರ ನಡುವೆ ಹೊರಳಾಡುತ್ತಿತ್ತು. ಬೆಳ್ಯಪ್ಪ ಎರಡು ಸಲ ಆಳು ಕಳಿಸಿ ವಿಚಾರಿಸಿದ್ದರು. ಅಷ್ಟರಲ್ಲಿ ಕಂಪನಿಯಿಂದ ಒಂದು ಉದ್ದನೆಯ ಲಕೋಟೆ ಬಂತು. ಒಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಫಾರಂ. ಮಾಲೀಕರು ಸಭೆಗೆ ಬರಲಾಗದಿದ್ದರೆ ಇದರಲ್ಲಿ ರುಜು ಹಾಕಿ ಕಳಿಸಿದರೂ ಸಾಕು, ಓಟು ಸೇರುತ್ತದೆ ಎಂದಿತ್ತು. ಹಾಜರಿ ಪುಸ್ತಕದಷ್ಟು ಇಂಗ್ಲಿಷ್ ಬಲ್ಲ ದೇರಪ್ಪನವರು ಅದನ್ನು ಮೂರು ಸಲ ಓದಿದರು.

"ಎಂತ ಕಾಗದ ಅದ್?" ಎಂದು ಯಮುನ ಮನೆಮಾತು ಅರೆಭಾಷೆಯಲ್ಲಿ ಕೇಳಿದರು.

"ನಮ್ಮ ಕಂಪನಿನೂ ಆನೆಕೊಲ್ಲಿ ಕಂಪನಿನೂ ಸೇರಿ ಒಂದಾದು. ನಂಗೆ ಒಪ್ಪಿಗೆ ಉಟ್ಟಾಂತ ಕೇಳ್ದೊ."

"ಒಂದಾದ್ರೆ ಎಂತ ಲಾಭ?"

"ಖರ್ಚ್ ಉಳ್ದದೆ. ಭಾಗಮಂಡಲಲಿ ಕಾವೇರಿಗೆ ಕನ್ನಿಕೆ ಹೊಳೆ ಸೇರ್ದುಲ್ಲೆನಾ? ಹಂಗೆ."

ಯಮುನ ಕೆಸ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಸೇರ್ದ ಮೇಲೆ ಕನ್ನಿಕೆ ಹೆಸ್ರ್ ಯಾರ್ ಹೇಳ್ದು?"

ಹೆಂಗಸರಿಗೆ ಕಂಪನಿ ವ್ಯವಹಾರ ಅರ್ಥವಾಗುವುದಿಲ್ಲ ಎಂದುಕೊಂಡು ದೇರಪ್ಪನವರು ಕೈ ತೊಳೆದು ಬಂದು, 'ಒಪ್ಪಿಗೆ' ಎಂಬಲ್ಲಿ ಉದ್ದಕ್ಕೆ ರುಜು ಹಾಕಿದರು. ಜೀವಮಾನದಲ್ಲಿ ದೊರೆಗಳು ಅವರ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

ನಾಲ್ಕು ತಿಂಗಳ ಮೇಲೆ ಒಂದೇ ಟಪಾಲಿನಲ್ಲಿ ಎರಡು ಕಾಗದ ಬಂದವು. ಒಂದು ದಲ್ಲಾಳಿಯದು. ಎರಡು ಕಂಪನಿ ಒಂದಾದ ಸುದ್ದಿಗೆ ಶೇರು ಹದಿನಾಲ್ಕಕ್ಕೆ ಏರಿದೆ, ಅಭಿನಂದನೆಗಳು ಎಂದಿತ್ತು. ಇನ್ನೊಂದು ಕಂಪನಿಯದು. ಇನ್ನು ಮುಂದೆ ಎರಡು ತೋಟಕ್ಕೂ ಆನೆಕೊಲ್ಲಿಯಲ್ಲಿ ಒಂದೇ ಆಫೀಸು, ಒಬ್ಬನೇ ರೈಟರು. ಅಲ್ಲಿಯವನು ಕಡಿಮೆ ಸಂಬಳದ ಹುಡುಗ. ಆದ್ದರಿಂದ ದೇರಪ್ಪನವರು ತಿಂಗಳೊಳಗೆ ಕ್ವಾರ್ಟರ್ಸು ಖಾಲಿ ಮಾಡತಕ್ಕದ್ದು ಎಂದಿತ್ತು.

ಅವರು ದೊರೆಯ ಬಂಗಲೆಗೆ ಹೋದರು. ದೊರೆ ನಿಜಕ್ಕೂ ಬೇಜಾರು ಮಾಡಿಕೊಂಡರು. "ನನ್ನ ಕೈಯಲ್ಲಿ ಏನಿದೆ ದೇರಪ್ಪ? ಇದು ಮಾಲೀಕರ ತೀರ್ಮಾನ. ಒಬ್ಬರಾದರೂ ಬೇಡ ಅನ್ನಬಾರದಿತ್ತೇ?"

ದೇರಪ್ಪನವರು ಛತ್ರಿ ತೆಗೆದುಕೊಂಡು ಮನೆಗೆ ಬಂದರು. ಜಗಲಿಯಲ್ಲಿ ಕೂತು ಹೆಂಡತಿಗೆ ಹೇಳಿದ್ದು ಇಷ್ಟು: "ಈಗ ಮಾರಿರೆ ನಷ್ಟ. ಕಂಪನಿ ದಂಡ ಖರ್ಚೆಲ್ಲ ಕಡ್ದ್ ಹಾಕ್ಯುಟ್ಟು. ಶೇರು ಇನ್ನೂ ಏರ್ದು."

"ಆ ದಂಡ ಖರ್ಚ್ ನೀವೇ ಅಲ್ಲಾ?" ಎಂದರು ಯಮುನ.

ಸಂತೆಯಲ್ಲಿ ಎಲ್ಲರೂ ಯಾವಾಗ ಕೊಳ್ಳುವುದೆಂದು ಕೇಳಿದ್ದರು. ಯಾವಾಗ ಮಾರುವುದೆಂದು ಯಾರೂ ಕೇಳಿರಲಿಲ್ಲ, ದೇರಪ್ಪನವರೂ ಯೋಚಿಸಿರಲಿಲ್ಲ. ಬೆಳ್ಯಪ್ಪ ಕೊಟ್ಟ ಗಡುವಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಯಮುನ ಗೋಡೆಯ ಕ್ಯಾಲೆಂಡರನ್ನೇ ತಂದು ಅವರ ತೊಡೆಯ ಮೇಲೆ ಇಟ್ಟರು. ಅವತ್ತೇ ದಲ್ಲಾಳಿಗೆ ಕಾಗದ ಹೋಯಿತು.

ಇನ್ನೂರ ತೊಂಬತ್ತೈದು ಶೇರು ಹದಿನಾಲ್ಕರಂತೆ ಮಾರಿಹೋಯಿತು. ದಲ್ಲಾಳಿಯ ಕಮಿಷನ್ ಕಳೆದು ನಾಲ್ಕು ಸಾವಿರದ ಮೇಲೆ ಸ್ವಲ್ಪ ಕೈಗೆ ಬಂತು. ಗಡುವಿಗೆ ಎರಡು ದಿನ ಮೊದಲು ಮನೆ ಅವರ ಹೆಸರಿಗಾಯಿತು. ಬೆಲೆಯ ವಿಷಯದಲ್ಲಿ ದೇರಪ್ಪನವರ ಲೆಕ್ಕ ಪೂರಾ ಸರಿಯಾಗಿಯೇ ಇತ್ತು ಎಂದು ಮೊಣ್ಣಪ್ಪ ಸಿಕ್ಕವರೆದುರೆಲ್ಲ ಹೊಗಳುತ್ತಾನೆ. ಐದು ಶೇರನ್ನು ಮಾತ್ರ ಅವರು ಮಾರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಮುಂದಿನ ಸಲ ಫಾರಂ ಬಂದ್ರೆ ಬೇಡ ಅಂತ ಬರೀಲಿಕ್ಕೆ" ಎಂದರು.

ನಾಳೆ ಬೆಳಿಗ್ಗೆ ಗಾಳಿಬೀಡಿಗೆ ಸಾಮಾನು ಹೋಗುತ್ತದೆ. ನಾನು ಏಳು ಗಂಟೆಗೆ ಹೋಗಿ ಯಮುನತ್ತೆಗೆ ಪಾತ್ರೆ ಕಟ್ಟಿಕೊಡುತ್ತೇನೆ.