ಹೂತಿಟ್ಟದ್ದನ್ನು ಹುಡುಕಿಕೊಡುತ್ತಿದ್ದ ಫ್ಲೇವಿಯಕ್ಕ

ಫ್ಲೇವಿಯಕ್ಕ ಎದುರು ಸಿಕ್ಕವರ ಮುಖ ನೋಡುವ ಮೊದಲು ಅವರು ನಿಂತ ನೆಲ ನೋಡುತ್ತಿದ್ದರು. ಬಸ್ ಸ್ಟಾಪಿನಲ್ಲಾಗಲಿ, ಚರ್ಚಿನ ಮೆಟ್ಟಿಲ ಮೇಲಾಗಲಿ, ಅವರ ಕಣ್ಣು ನಮ್ಮ ಕಾಲ ಸುತ್ತ ಒಮ್ಮೆ ಓಡಾಡಿ ಬಂದು ಆಮೇಲೆ ನಿಧಾನವಾಗಿ ಮುಖಕ್ಕೆ ಏರುತ್ತಿತ್ತು. ಇದು ಸಂಕೋಚವೋ ದೃಷ್ಟಿದೋಷವೋ ಎಂದು ಮೊದಮೊದಲು ನನಗೆ ತಿಳಿಯಲಿಲ್ಲ.

ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಕಾರುಗಳ ಸೆನ್ಸರ್ ಪರೀಕ್ಷಿಸುವ ಕೆಲಸಕ್ಕೆ ಸೇರಿ, ಪಕ್ಕದ ಹಳ್ಳಿಯಲ್ಲಿ ಮನೆ ಹಿಡಿದಿದ್ದೆ. ಕಟ್ಟಡದ ಕೆಲ್ಲರ್‌ಗೆ, ಅಂದರೆ ಎಲ್ಲರ ವಾಷಿಂಗ್ ಮೆಷಿನ್ ಇಟ್ಟಿದ್ದ ನೆಲಮಾಳಿಗೆಗೆ, ಒಂದು ಶನಿವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ ಇಳಿದೆ. ಅರವತ್ತು ದಾಟಿದ ಹೆಂಗಸೊಬ್ಬರು ಮಣ್ಣು ಮೆತ್ತಿದ ಬೂಟು ತೊಳೆಯುತ್ತಿದ್ದರು. ನಾನು ಫೋನ್ ಇಡುತ್ತಲೇ ಅವರು ತಲೆಯೆತ್ತದೆ, "ಮೈಸೂರಿನವರಾ? ಒಳ್ಳೆಯದಾಯ್ತು. ಆ ಬ್ರಶ್ ಸ್ವಲ್ಪ ಕೊಡಿ" ಅಂದರು. ಪಕ್ಕದ ಗೋಡೆಗೆ ಒಂದು ಮೆಟಲ್ ಡಿಟೆಕ್ಟರ್ ಒರಗಿತ್ತು.

ಅವರೇ ಫ್ಲೇವಿಯಕ್ಕ, ಮಂಗಳೂರಿನ ಹುಡುಗಿ. ಹತ್ತೊಂಬತ್ತಕ್ಕೆ ಕಾನ್ವೆಂಟಿನ ಸಿಸ್ಟರುಗಳ ಜೊತೆ ಇಲ್ಲಿಗೆ ಬಂದು, ನರ್ಸಿಂಗ್ ಕಲಿತು, ಊರಿನ ಆಲ್ಟೆನ್‌ಹೈಮ್‌ನಲ್ಲಿ, ಅಂದರೆ ವೃದ್ಧಾಶ್ರಮದಲ್ಲಿ, ನಿವೃತ್ತಿಯವರೆಗೂ ದುಡಿದವರು. ಜರ್ಮನ್ ಗಂಡ ತೀರಿಕೊಂಡಿದ್ದರು. ಅವರು ತೋಟದಲ್ಲಿ ಕಳೆದುಕೊಂಡ ಮದುವೆಯ ಉಂಗುರವನ್ನು ಬಾಡಿಗೆ ಡಿಟೆಕ್ಟರ್ ತಂದು ಹುಡುಕಿದ್ದೇ ಇವರ ಮೊದಲ ಬೇಟೆ. ಆಮೇಲೆ ಬಿಡಲಾಗಲಿಲ್ಲ. ಡೆಂಕ್‌ಮಾಲ್‌ಆಮ್ಟ್ ಎಂಬ ಪುರಾತತ್ವ ಕಚೇರಿಯಿಂದ ಪಡೆದ ಅನುಮತಿ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಮಡಚಿ ಸದಾ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. "ಕಾಗದ ಇಲ್ಲದೆ ಇಲ್ಲಿ ಒಂದು ಗುಂಡಿ ತೋಡ್ಲಿಕ್ಕೆ ಇಲ್ಲ. ಸಿಕ್ಕಿದ್ದು ನಮ್ಮದೂ ಅಲ್ಲ. ನಮ್ಮದು ಹುಡುಕುವ ಕೆಲಸ ಮಾತ್ರ" ಅನ್ನುತ್ತಿದ್ದರು.

ಸಿಗುತ್ತಿದ್ದುದಾದರೂ ಏನು? ಬಿಯರ್ ಬಾಟಲಿ ಮುಚ್ಚಳ, ಟ್ರ್ಯಾಕ್ಟರಿನ ಬೋಲ್ಟು, ಕುದುರೆ ಲಾಳ. ಅದನ್ನೆಲ್ಲ ಅವರು ತೊಳೆದು ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ನಾನು ನಕ್ಕರೆ, "ನಗು ಮಾರಾಯ್ತಿ, ನಗು. ನೂರು ಮುಚ್ಚಳ ತೆಗೆಯದವರಿಗೆ ಒಂದು ಉಂಗುರ ಸಿಕ್ಕುದಿಲ್ಲ."

ಕೆಲವು ಭಾನುವಾರ ನಾನೂ ಜೊತೆಗೆ ಹೋದೆ. ಹೆಡ್‌ಫೋನಿನಲ್ಲಿ ನನಗೆ ಕೇಳಿಸುತ್ತಿದ್ದುದು ಬರೀ ಕುಯ್ಯೋ ಮರ್ರೋ. ಅವರು ಒಂದು ಕಿವಿಗೆ ಹಿಡಿದು, "ಇದು ಅಲ್ಯೂಮಿನಿಯಂ. ಇದು ಮೊಳೆ, ಅಡ್ಡ ಮಲಗಿದೆ" ಅನ್ನುತ್ತಿದ್ದರು. ಅಗೆದರೆ ಮೊಳೆ ಅಡ್ಡವೇ ಮಲಗಿರುತ್ತಿತ್ತು. ಇಂಥದನ್ನು ಕಂಪ್ಯೂಟರಿಗೆ ಕಲಿಸಲು ನಮ್ಮ ಆಫೀಸಿನಲ್ಲಿ ಒಂದು ಇಡೀ ಮಹಡಿ ಜನ ಕೂತಿದ್ದೆವು.

ಆದರೆ ಅವರ ನಿಜವಾದ ಕಿವಿ ಯಾವುದೆಂದು ನನಗೆ ಗೊತ್ತಾದದ್ದು ಫ್ರೌ ಹೆರ್ಟೆಲ್ ಅವರ ವಿಷಯದಲ್ಲಿ. ಆಲ್ಟೆನ್‌ಹೈಮ್‌ನ ತೊಂಬತ್ತರ ಹತ್ತಿರದ ಈ ಅಜ್ಜಿ ಪ್ರತಿದಿನ ನಾಲ್ಕು ಗಂಟೆಗೆ ತನ್ನ ಕೋಟು ಕೇಳುತ್ತಿದ್ದರಂತೆ. "ಅಮ್ಮ ಹೂತಿಟ್ಟದ್ದನ್ನು ತರಬೇಕು, ಕತ್ತಲಾಗುತ್ತದೆ." ಎರಡನೇ ಮಹಾಯುದ್ಧದ ಕೊನೆಯ ವಸಂತ, ಶತ್ರು ಸೈನ್ಯ ಊರಿಗೆ ಬರುವ ಮುಂಚೆ, ಆಕೆಯ ತಾಯಿ ಹಿತ್ತಲಿನ ಅಕ್ರೋಟು ಮರದ ಹತ್ತಿರ ಏನನ್ನೋ ಹೂತಿದ್ದಳು. ಆ ಬೇಸಿಗೆಯಲ್ಲೇ ತಾಯಿ ಜ್ವರದಿಂದ ಸತ್ತಳು. ಎಂಟು ವರ್ಷದ ಮಗುವನ್ನು ಚಿಕ್ಕಮ್ಮ ಕರೆದೊಯ್ದರು. ದೊಡ್ಡವರು ಮರದ ಬುಡವನ್ನೆಲ್ಲ ಅಗೆದು ನೋಡಿದರು. ಮುಂದೆ ಆಕೆಯ ಮಗನೂ ಅಗೆದ. ಏನೂ ಇರಲಿಲ್ಲ. ಮರವನ್ನೂ ಕಡಿದದ್ದಾಯಿತು. ಅಮ್ಮನಿಗೆ ಭ್ರಮೆ ಎಂದು ಮಗ ತೀರ್ಮಾನಿಸಿದ.

ಫ್ಲೇವಿಯಕ್ಕ ಮಾತ್ರ ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಹೋಗಿ ಅಜ್ಜಿಯ ಪಕ್ಕ ಕೂರುತ್ತಿದ್ದರು. ಒಂದು ದಿನ ನಾನೂ ಇದ್ದೆ. ಎಲ್ಲಿ ಹೂತದ್ದು ಎಂದು ಅವರು ಕೇಳಲೇ ಇಲ್ಲ. ಜರ್ಮನ್ನಿನಲ್ಲಿ ಮೆತ್ತಗೆ, "ಆಗ ನೀವು ಎಲ್ಲಿದ್ದಿರಿ?" ಎಂದು ಕೇಳಿದರು.

"ಅಡುಗೆಮನೆ ಕಿಟಕಿಯಲ್ಲಿ."

"ಅಮ್ಮ ಪೂರ್ತಿ ಕಾಣುತ್ತಿದ್ದರಾ?"

"ಮರದ ಪಕ್ಕದಲ್ಲಿ ತಲೆ ಕಾಣುತ್ತಿತ್ತು, ಹೆಗಲು ಕಾಣುತ್ತಿತ್ತು. ಬಗ್ಗಿದರೆ ಅಮ್ಮ ಇಲ್ಲ. ಹೋಗಿಬಿಟ್ಟಳು ಅಂತ ಹೆದರಿಕೆ. ಮತ್ತೆ ತಲೆ ಬರುತ್ತಿತ್ತು."

ಫ್ಲೇವಿಯಕ್ಕ ಅಜ್ಜಿಯ ಕೈಯನ್ನು ಬಿಡದೆ ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು: "ಹಿತ್ತಲಿನಲ್ಲಿ ನಿಂತಿದ್ರೆ ಕಾಲು ಕಾಣ್ಬೇಕಿತ್ತು, ಅಲ್ವಾ?"

ಆ ಮನೆಯಲ್ಲಿ ಈಗ ಬೇರೆಯವರಿದ್ದರು. ಅವರು ಒಪ್ಪಿ ಒಳಗೆ ಬಿಟ್ಟರು. ಹಿತ್ತಲ ಕೊನೆಗೆ ಒಂದು ಗಿಡ್ಡ ಕಲ್ಲುಗೋಡೆ, ಅದರಾಚೆ ಸೊಂಟದ ಮಟ್ಟದ ತಗ್ಗಿನಲ್ಲಿ ದ್ರಾಕ್ಷಿ ತೋಟದ ಮೊದಲ ಸಾಲು. ಫ್ಲೇವಿಯಕ್ಕ ನನ್ನನ್ನು ಅಡುಗೆಮನೆ ಕಿಟಕಿಯಲ್ಲಿ ಮೊಣಕಾಲೂರಿ ನಿಲ್ಲಿಸಿದರು, ಎಂಟು ವರ್ಷದವಳ ಎತ್ತರಕ್ಕೆ. ತಾವು ಗೋಡೆಯಾಚೆ ಇಳಿದು, ಮರವಿದ್ದ ಜಾಗದ ನೇರಕ್ಕೆ ಹೆಜ್ಜೆ ಹೆಜ್ಜೆ ಸರಿಯುತ್ತಾ ಹೋದರು. ಒಂದು ಕಡೆ ಅವರ ತಲೆ ಮತ್ತು ಹೆಗಲು ಮಾತ್ರ ಉಳಿದವು. ನಾನು ಕೈ ಎತ್ತಿದೆ. ಅವರು ಬಗ್ಗಿದರು. ಅಲ್ಲಿ ಯಾರೂ ಇರಲಿಲ್ಲ. ಎಂಬತ್ತು ವರ್ಷದ ಹಿಂದೆ ಒಂದು ಮಗು ಪಟ್ಟ ಹೆದರಿಕೆ ನನ್ನ ಮೈಮೇಲೇ ಬಂದಂತಿತ್ತು.

ದ್ರಾಕ್ಷಿ ತೋಟದ ರೈತನ ಒಪ್ಪಿಗೆ ಪಡೆದು ಮುಂದಿನ ಶನಿವಾರ ಅಗೆಯಲು ಹೋದೆವು. ಅಜ್ಜಿಯ ಮಗನೂ ಬಂದಿದ್ದ, ಕೈಕಟ್ಟಿ ನಿಂತಿದ್ದ. ಡಿಟೆಕ್ಟರ್ ದೊಡ್ಡದಾಗಿ ಕೂಗಿತು. ಒಂದು ಗೇಣು ತೋಡಿದ್ದೇ ತಡ, ಫ್ಲೇವಿಯಕ್ಕನ ಕೈ ನಿಂತಿತು. ತುಕ್ಕು ಹಿಡಿದ ಒಂದು ದುಂಡನೆಯ ಅಂಚು ಮಣ್ಣಿನಿಂದ ಇಣುಕುತ್ತಿತ್ತು.

"ಸಲಿಕೆ ಅಲ್ಲೇ ಬಿಡು. ಎತ್ತಿಕೊಳ್ಳುವುದು ಬೇಡ. ಬಂದ ಹೆಜ್ಜೆಯಲ್ಲೇ ಹಿಂದೆ ನಡಿ, ಓಡಬೇಡ" ಅಂದರು. ಸ್ವರದಲ್ಲಿ ಒಂದಿಷ್ಟೂ ಏರಿಳಿತವಿರಲಿಲ್ಲ. ಮಗನಿಗೆ ಜರ್ಮನ್ನಿನಲ್ಲಿ ಅದನ್ನೇ ಹೇಳಿದರು. ಎಲ್ಲರಿಗಿಂತ ಕೊನೆಗೆ ತಾವು ಬಂದರು. ಪೊಲೀಸರು ಬೀದಿ ಖಾಲಿ ಮಾಡಿಸಿದರು, ಬಾಂಬು ತೆಗೆಯುವವರು ಬಂದರು. ಫಿರಂಗಿಯ ಗುಂಡು, ಇನ್ನೂ ಸಿಡಿಯಬಹುದಾದದ್ದು. ಶಾಲೆಯ ಜಿಮ್ನಾಸ್ಟಿಕ್ ಹಾಲಿನಲ್ಲಿ ಊರವರ ಜೊತೆ ಕೂತೆವು. ಫ್ಲೇವಿಯಕ್ಕ ಬ್ಯಾಗಿನಿಂದ ಚಕ್ಕುಲಿ ತೆಗೆದು ಕೊಟ್ಟರು. ತಮ್ಮ ಪಾಲಿನದನ್ನು ತಿನ್ನದೆ ಕೈಯಲ್ಲೇ ಹಿಡಿದು ಕೂತಿದ್ದರು.

ಆ ಸಾಲನ್ನು ಪರೀಕ್ಷಿಸಿ ಅಪಾಯವಿಲ್ಲ ಎಂದು ಹೇಳಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅಜ್ಜಿ ಊಟ ಬಿಟ್ಟಿದ್ದರು. ಡಾಕ್ಟರು ಹೆಚ್ಚು ದಿನವಿಲ್ಲ ಎಂದಿದ್ದರು. ನಾವು ಮತ್ತೆ ಹೋದಾಗ ಮಗ ತಾನೇ ಸಲಿಕೆ ತಂದಿದ್ದ. ಗುಂಡು ಸಿಕ್ಕಿದಲ್ಲಿಂದ ಎರಡು ಹೆಜ್ಜೆ ಆಚೆ, ಗೋಡೆಯ ಬುಡದಲ್ಲಿ, ಮೊಣಕಾಲುದ್ದ ಅಗೆದ ಮೇಲೆ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು.

ಬೆಳ್ಳಿ ಇರಬಹುದೆಂದು ಮಗ ಅಂದುಕೊಂಡಿದ್ದ. ಒಳಗೆ ಮೇಣಬಟ್ಟೆ, ಅದರೊಳಗೆ ಕಪ್ಪಗೆ ಗಟ್ಟಿಯಾದ ಗ್ರೀಸು, ಗ್ರೀಸಿನೊಳಗೆ ಒಂದು ಹೊಲಿಗೆ ಯಂತ್ರದ ತಲೆ. ಆ ತಾಯಿ ಊರವರ ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದವಳು. ಬಂದವರು ಏನನ್ನಾದರೂ ಒಯ್ಯಲಿ, ನಾಳೆಯ ಅನ್ನ ಮಾತ್ರ ಉಳಿಯಲಿ ಎಂದು ಅದನ್ನು ಮಗುವಿನಂತೆ ಸುತ್ತಿ ಮಲಗಿಸಿದ್ದಳು. ಸೂಜಿಯಲ್ಲಿ ಬೆರಳುದ್ದದ ದಾರ ಇನ್ನೂ ಇತ್ತು. ಮಗ ದ್ರಾಕ್ಷಿ ಸಾಲಿನ ನಡುವೆ ಕೂತುಬಿಟ್ಟ.

ಚಕ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಫ್ಲೇವಿಯಕ್ಕ ಅದನ್ನು ಒರೆಸಿ, ಸಂದುಗಳಿಗೆಲ್ಲ ಎಣ್ಣೆ ಬಿಟ್ಟು ಎರಡು ದಿನ ಕಾದರು. ಮೂರನೆಯ ದಿನ ಅದನ್ನು ಅಜ್ಜಿಯ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟೆವು. ಅಜ್ಜಿ ಕಣ್ಣು ಪೂರ್ತಿ ತೆರೆಯಲೂ ಇಲ್ಲ. ಕೈ ಚಾಚಿ ಚಕ್ರ ಹುಡುಕಿ, ತನ್ನ ಕಡೆಗೆ ಎಳೆದರು. ಸೂಜಿ ಇಳಿಯಿತು, ಏರಿತು. "ಅಮ್ಮ ಎದ್ದಿದ್ದಾಳೆ" ಅಂದರು. ಅಂದು ನಾಲ್ಕು ಗಂಟೆಗೆ ಅವರು ಕೋಟು ಕೇಳಲಿಲ್ಲ. ಇನ್ನೂ ಒಂಬತ್ತು ದಿನ ಬದುಕಿದ್ದರು, ಒಮ್ಮೆಯೂ ಕೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು, "ಅಕ್ಕಾ, ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ" ಅಂದೆ.

"ಎಲ್ಲರೂ ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ದು. ಮಗು ನೋಡಿದ್ದು ಪೆಟ್ಟಿಗೆಯನ್ನಾ? ಅದು ಅಮ್ಮನನ್ನು ನೋಡ್ತಾ ಇತ್ತು" ಅಂದರು.

ಕಳೆದ ಶರತ್ಕಾಲದಲ್ಲಿ ಫ್ಲೇವಿಯಕ್ಕ ನಿದ್ರೆಯಲ್ಲೇ ಹೋದರು. ಚರ್ಚಿಗೆ ಹತ್ತು ಹದಿನೈದು ಜನ ಬಂದಾರು ಎಂದುಕೊಂಡು ಹೋದೆ. ಕೂರಲು ಜಾಗ ಇರಲಿಲ್ಲ. ಮಣ್ಣಾದ ಮೇಲೆ ಪಕ್ಕದ ಹಾಲಿನಲ್ಲಿ ಕಾಫಿ ಕೇಕ್ ಇಟ್ಟಿದ್ದರು. ನನ್ನ ಮೇಜಿನ ಹೆಂಗಸೊಬ್ಬಳು ಸರಕ್ಕೆ ಪೋಣಿಸಿದ್ದ ಉಂಗುರ ತೋರಿಸಿದಳು, ಅವಳ ಅಜ್ಜನದಂತೆ, ಆಲೂಗಡ್ಡೆ ಹೊಲದಲ್ಲಿ ಸಿಕ್ಕಿದ್ದು. ಬಂದವರಲ್ಲಿ ಎಷ್ಟೋ ಜನರಿಗೆ ಹೀಗೇ ಏನನ್ನೋ ಹುಡುಕಿಕೊಟ್ಟಿದ್ದರು. ಇವರಲ್ಲಿ ಒಬ್ಬರ ಬಗ್ಗೆಯೂ ಫ್ಲೇವಿಯಕ್ಕ ನನಗೆ ಹೇಳಿರಲಿಲ್ಲ.

ಎದುರಿಗೆ ವಯಸ್ಸಾದ ಗಂಡಸೊಬ್ಬರು ಕೂತಿದ್ದರು. ಮೂರು ರೈಲು ಬದಲಿಸಿ ಬಂದಿದ್ದರು. ನಿಮಗೆ ಏನು ಹುಡುಕಿಕೊಟ್ಟರು ಎಂದು ಕೇಳಿದೆ.

"ನಮ್ಮದು ಸಿಗಲಿಲ್ಲ" ಅಂದರು. "ಅಣ್ಣ ಹೂತಿಟ್ಟಿದ್ದ ಒಂದು ಡಬ್ಬಿ. ಹನ್ನೊಂದು ಭಾನುವಾರ ಬಂದರು. ಸಾಕು ಬಿಡಿ ಅಂದೆ. ಹನ್ನೆರಡನೆಯದಕ್ಕೂ ಬರುತ್ತೇನೆ ಅಂದಿದ್ದರು."