ಟೆರೇಸಿನ ಮೇಲೆ ನನ್ನ ಮೈಮೇಲೆ ಬಂದ ದೇವಿ

ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಕಾವಲಿಯಿಂದ ಏಳುವ ಮೊದಲ ಗರಿಗರಿ ದೋಸೆ, ನನಗೆ ಹಲ್ಲು ಬಂದಾಗಿನಿಂದ ನನ್ನದು. ಅಕ್ಕ ಟೆರೇಸಿನ ಮೇಲೆ 'ಗಾಡೆಸ್ ಸರ್ಕಲ್' ಶುರುಮಾಡಿದ ಮೇಲೆ ಅದು ಅವಳ ತಟ್ಟೆಗೆ ಹೋಯಿತು, ತುಪ್ಪದ ಸಮೇತ.

ಶುಕ್ರವಾರ ಸಂಜೆಯಾದರೆ ಜಯನಗರ, ಜೆ.ಪಿ. ನಗರದ ಹೆಂಗಸರು ಕಂಕುಳಲ್ಲಿ ಯೋಗ ಮ್ಯಾಟ್ ಇಟ್ಟುಕೊಂಡು ಬರುತ್ತಿದ್ದರು. ನಡುವೆ ಕಳಶ, ಸುತ್ತ ಮೇಣದಬತ್ತಿ. ಕಣ್ಣು ಮುಚ್ಚಿ ತಮ್ಮೊಳಗಿನ ಆದಿಶಕ್ತಿಯನ್ನು ಎಬ್ಬಿಸಬೇಕು. ನಮ್ಮಜ್ಜಿ ಮಾರಮ್ಮನ ಗುಡಿಯಲ್ಲಿ ಬೈದು ಕರೆಯುತ್ತಿದ್ದ ದೇವಿಯನ್ನೇ ಅಕ್ಕ ಇಂಗ್ಲಿಷಿನಲ್ಲಿ ನಯವಾಗಿ ಕರೆಯುತ್ತಿದ್ದಳು. ಅಮ್ಮ ಮೂಲೆಯಲ್ಲಿ ಕೂತು ಮಗಳನ್ನೇ ಕಣ್ತುಂಬಿಕೊಳ್ಳುತ್ತಿದ್ದಳು. ನನ್ನನ್ನು ಹಾಗೆ ನೋಡಿದ್ದು ಟೈಫಾಯ್ಡ್ ಬಂದು ಮಲಗಿದ್ದಾಗ ಮಾತ್ರ.

ನನ್ನ ಪಾಲಿಗೆ ಪಾನಕ ಹಂಚುವುದು, ಚಪ್ಪಲಿ ಕಾಯುವುದು.

"ಲೋ, ಚಪ್ಲಿ ಸಾಲಾಗಿಡೋ," ಅಂದ ಅಕ್ಕ, ಅದೇ ಬಾಯಲ್ಲಿ ಒಬ್ಬ ಆಂಟಿಗೆ, "ಬನ್ನಿ ದೇವಿ, ಕೂತ್ಕೊಳಿ," ಅಂದಳು.

"ಎಲ್ರೂ ದೇವಿ, ನಾನೊಬ್ನೇ ಅಸುರನಾ?"

"ಅಸುರ ಆದ್ರೆ ತಪಸ್ಸಾದ್ರೂ ಮಾಡ್ತಿದ್ದೆ. ನೀನು ಏಳೋದೇ ಹನ್ನೊಂದಕ್ಕೆ."

ಆಷಾಢದ ಒಂದು ಶುಕ್ರವಾರ ಹೊಟ್ಟೆಕಿಚ್ಚು ನೆತ್ತಿಗೇರಿತು. ಎಲ್ಲರೂ ಕಣ್ಣು ಮುಚ್ಚಿದ್ದಾಗ ಪಾನಕದ ಜಗ್ಗು ಕೆಳಗಿಟ್ಟೆ. ಗುಡಿಯಲ್ಲಿ ದೇವಿ ಮೈಮೇಲೆ ಬಂದವರನ್ನು ಚಿಕ್ಕಂದಿನಿಂದ ನೋಡಿದ್ದೆನಲ್ಲ, ಹಾಗೇ ತಲೆ ಗಿರಗಿರ ತಿರುಗಿಸಿ, "ಹೂಂ!" ಎಂದು ಹೂಂಕರಿಸಿ ಕುಣಿದೆ. ಯಾರದೋ ಮ್ಯಾಟು ಕಾಲಿಗೆ ಸಿಕ್ಕಿತು. ಜಗನ್ಮಾತೆ ನೇರವಾಗಿ ಹೋಗಿ ನೀರಿನ ಟ್ಯಾಂಕಿಗೆ ಹಣೆ ಹೊಡೆದುಕೊಂಡಳು.

ಹೆಂಗಸರೆಲ್ಲ ಎದ್ದು ಕೈಮುಗಿದರು. ಅಕ್ಕನ ಮುಖ ಹುಳ್ಳಗಾಯಿತು. ಅವಳು ಅಷ್ಟು ದಿನ ಕರೆದರೂ ಬಾರದವಳು ಚಪ್ಪಲಿ ಕಾಯುವವನಿಗೆ ಬಂದಿದ್ದಳು. ಟೆರೇಸಿನ ಅಷ್ಟೂ ಕಣ್ಣು ನನ್ನ ಮೇಲೆ. ಆಹಾ!

ಅಮ್ಮ ಓಡಿಬಂದು ಕಳಶಕ್ಕೆ ಸಿಕ್ಕಿಸಿದ್ದ ಬೇವಿನಸೊಪ್ಪನ್ನು ಒಂದು ಹಿಡಿ ಕಿತ್ತು ನನ್ನ ಬಾಯಿಗೆ ತುರುಕಿದಳು. ನಿಜವಾಗಿ ದೇವಿ ಬಂದವರಿಗೆ ಅದು ಕಹಿಯೆನಿಸುವುದಿಲ್ಲವಂತೆ. ಪಾಯಸ ತಿಂದವನಂತೆ ತಲೆದೂಗುತ್ತ ಅಗಿದೆ. ಕರುಳಿನ ತುದಿತನಕ ಕಹಿ ಇಳಿಯಿತು.

"ಬಂದಿದ್ದೀಯಲ್ಲ ತಾಯಿ, ಒಂದ್ ಮಾತು ಕೇಳ್ತೀನಿ," ಅಂದಳು ಅಮ್ಮ.

ಮಗಳ ಉದ್ಧಾರವನ್ನೇ ಕೇಳುತ್ತಾಳೆಂದು ಬೇವಿನ ಜೊತೆ ಹಲ್ಲನ್ನೂ ಕಡಿದೆ.

"ಮಗಳು ಹೆಂಗೋ ದಾರಿ ಮಾಡ್ಕೊಂಡ್ಳು. ದಿನಾ ದೀಪ ಹಚ್ಚಿ ನಾನ್ ಕೇಳೋದು ಈ ಹುಡುಗನ್ ವಿಷ್ಯಾನೇ. ಇವ್ನಿಗೆ ಬುದ್ಧಿ ಯಾವಾಗ್ ಬರತ್ತೆ ತಾಯಿ?"

ಅಮ್ಮನ ಕಣ್ಣು ತುಂಬಿತ್ತು. ನನಗೋಸ್ಕರ ನನ್ನನ್ನೇ ಬೇಡುತ್ತ ನಿಂತಿದ್ದಳು. ಇಡೀ ಟೆರೇಸು ಉತ್ತರಕ್ಕೆ ಕಾಯುತ್ತಿತ್ತು. ಗುಡಿಯಲ್ಲಿ ಕೇಳಿದ್ದನ್ನೇ ಗಡಸು ದನಿಯಲ್ಲಿ ಬಿಟ್ಟೆ:

"ಆಷಾಢ ಕಳೀಲಿ, ಮಗಳೇ."

ಅಕ್ಕ ಕೈಮುಗಿದು, ತಲೆಬಾಗಿ ಮುಂದೆ ಬಂದಳು.

"ಯಾವ ವರ್ಷದ್ದು, ತಾಯಿ?"